ಉದ್ಯಮ ಬಾಳಿಕೆ ಬರಬೇಕಾದರೆ: ನಮ್ಮ ಕಡೆಯ ಸಣ್ಣ ಕಾರ್ಖಾನೆಗಳಿಗೆ ಸುಸ್ಥಿರತೆಯ ಮಾರ್ಗದರ್ಶಿ

ಗಂಗಾವತಿ, ಕಾರಟಗಿ, ಸಿಂಧನೂರಿನ ಅಕ್ಕಿ ಗಿರಣಿಯವರು, ಹತ್ತಿಯಿಂದ ಬೀಜ ಬೇರ್ಪಡಿಸುವ ರಾಯಚೂರಿನ ಜಿನ್ನಿಂಗ್ ಕಾರ್ಖಾನೆಯವರು, ಬಳ್ಳಾರಿಯ ಜೀನ್ಸ್ ಘಟಕದವರು ಇತ್ತೀಚೆಗೆ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಮಾಲು ಕೊಳ್ಳುವ ದೊಡ್ಡ ಕಂಪನಿ ಅಥವಾ ಸಾಲ ಕೊಡುವ ಬ್ಯಾಂಕು 'ಸುಸ್ಥಿರತೆಯ ವಿವರ' ತುಂಬಿಕೊಡಿ ಎಂದು ಒಂದು ನಮೂನೆ ಕಳಿಸಿರುತ್ತದೆ. ಅದರಲ್ಲಿ ಏನು ಬರೆಯಬೇಕು, ಇಷ್ಟಕ್ಕೂ ಅದು ನಮಗೆ ಏಕೆ ಬೇಕು ಎಂಬುದು ಅವರ ಪ್ರಶ್ನೆ. ಹತ್ತರಿಂದ ಇನ್ನೂರು ಜನ ಕೆಲಸಗಾರರಿರುವ, ಪ್ರತ್ಯೇಕ ಪರಿಸರ ವಿಭಾಗ ಇಟ್ಟುಕೊಳ್ಳಲಾಗದ ಘಟಕಗಳ ಮಾಲೀಕರನ್ನೂ ಮ್ಯಾನೇಜರುಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನವನ್ನು ಬರೆದಿದ್ದೇನೆ.

ಮೊದಲು ಪದದ ಅರ್ಥ

ಸುಸ್ಥಿರತೆ ಎಂಬುದು ಪುಸ್ತಕದ ಪದ. ನಮ್ಮ ಮನೆಗಳಲ್ಲಿ ಇದಕ್ಕಿಂತ ಹಳೆಯ ಮಾತೊಂದಿದೆ: ಬಾಳಿಕೆ. ಕಂಬಳಿ ಬಾಳಿಕೆ ಬರುತ್ತದೆಯೇ, ಚಪ್ಪಲಿ ಬಾಳಿಕೆ ಬರುತ್ತದೆಯೇ ಎಂದು ನೋಡಿ ಕೊಳ್ಳುವ ನಾವು ಅದೇ ಪ್ರಶ್ನೆಯನ್ನು ನಮ್ಮ ಕಾರ್ಖಾನೆಗೆ ಕೇಳಿಕೊಳ್ಳುವುದಿಲ್ಲ. ವಿಶ್ವಸಂಸ್ಥೆ ನೇಮಿಸಿದ್ದ ಬ್ರಂಟ್‌ಲಂಡ್ ಆಯೋಗವು 1987ರಲ್ಲಿ ಕೊಟ್ಟ, ಇಂದಿಗೂ ಎಲ್ಲರೂ ಬಳಸುವ ವಿವರಣೆಯ ಸಾರ ಇಷ್ಟು: ಮುಂದಿನ ತಲೆಮಾರಿನವರು ತಮ್ಮ ಅಗತ್ಯಗಳನ್ನು ಪೂರೈಸಿಕೊಳ್ಳುವ ಶಕ್ತಿಗೆ ಧಕ್ಕೆ ತಾರದಂತೆ ಇಂದಿನ ಅಗತ್ಯಗಳನ್ನು ಪೂರೈಸಿಕೊಳ್ಳುವುದು. ಇದನ್ನು ಒಂದು ಕಾರ್ಖಾನೆಯ ಅಳತೆಗೆ ಇಳಿಸಿದರೆ, ಇಂದು ನಡೆಯುತ್ತಿರುವ ಕೆಲಸವನ್ನು ಇದೇ ಜಾಗದಲ್ಲಿ, ಇದೇ ಊರಿನ ಪಕ್ಕದಲ್ಲಿ, ಇದೇ ಕಾಲುವೆ ಅಥವಾ ಕೊಳವೆಬಾವಿಯ ನೀರಿನಲ್ಲಿ, ಇನ್ನು ಹದಿನೈದು ವರ್ಷವೂ ನಡೆಸಲು ಸಾಧ್ಯವೇ ಎಂಬ ಪ್ರಶ್ನೆಯಾಗುತ್ತದೆ.

ಇಲ್ಲಿ ಎರಡು ಗೊಂದಲಗಳನ್ನು ಬಿಡಿಸಿಕೊಳ್ಳುವುದು ಒಳ್ಳೆಯದು. ಸುಸ್ಥಿರತೆ ಎಂದರೆ ಸಿಎಸ್‌ಆರ್ ಅಲ್ಲ. ಸಿಎಸ್‌ಆರ್ ಎಂಬುದು 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ತಮ್ಮ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಗಳಿಗೆ ವೆಚ್ಚ ಮಾಡುವ ಹೊಣೆ. ಅದು ಗಳಿಸಿದ ಹಣವನ್ನು ಹೇಗೆ ಖರ್ಚು ಮಾಡಿದಿರಿ ಎಂದು ಕೇಳುತ್ತದೆ. ಸುಸ್ಥಿರತೆ ಕೇಳುವುದು ಆ ಹಣವನ್ನು ಹೇಗೆ ಗಳಿಸಿದಿರಿ ಎಂದು. ಎರಡನೆಯದಾಗಿ, ಜೂನ್ 5ರ ಪರಿಸರ ದಿನದಂದು ಗೇಟಿನ ಬಳಿ ಬೇವಿನ ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವುದೂ ಸುಸ್ಥಿರತೆಯಲ್ಲ. ಸಸಿ ನೆಡಬೇಡಿ ಎನ್ನುತ್ತಿಲ್ಲ. ಹಿಂದಿನ ವರ್ಷದ ಸಸಿ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ತೋರಿಸುವಂತಿರಲಿ.

ಕೊಪ್ಪಳ, ರಾಯಚೂರು, ಬಳ್ಳಾರಿ: ನಮ್ಮ ಮೂರು ಜಿಲ್ಲೆಗಳಿಗೆ ಇದು ಏಕೆ ಮುಖ್ಯ

ಪರಿಸರದ ಹಾನಿ ವ್ಯಾಪಾರದ ಹಾನಿಯಾಗಿ ತಿರುಗುವುದನ್ನು ಬಳ್ಳಾರಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿದಾಗ, ಕಂತು ತೀರದ ಲಾರಿಗಳು ಸಾಲಾಗಿ ನಿಂತವು. ಅದಿರನ್ನು ಎಂದೂ ಮುಟ್ಟದ ಗ್ಯಾರೇಜು, ಖಾನಾವಳಿ, ಟೈರ್ ಅಂಗಡಿಗಳೂ ಅದರ ಪೆಟ್ಟು ತಿಂದವು. ಆ ಬಳಿಕ ಗಣಿಗಳನ್ನು ಅಕ್ರಮದ ಪ್ರಮಾಣಕ್ಕೆ ಅನುಗುಣವಾಗಿ ಎ, ಬಿ, ಸಿ ಎಂದು ವಿಂಗಡಿಸಲಾಯಿತು. 2013ರ ಏಪ್ರಿಲ್ 18ರ ತೀರ್ಪು ಅಕ್ರಮ ಅತಿ ಹೆಚ್ಚಿದ್ದ ಸಿ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿ, ಉಳಿದವರಿಗೆ ಭೂಮಿಯನ್ನು ಸರಿಪಡಿಸುವ ಪುನಶ್ಚೇತನ ಯೋಜನೆಯ ಷರತ್ತಿನ ಮೇಲೆ ದಾರಿ ಬಿಟ್ಟಿತು. ಗಡಿಗಲ್ಲು, ಕಾಗದಪತ್ರ ಸರಿಯಾಗಿದ್ದವರು ಮತ್ತೆ ಬಾಗಿಲು ತೆರೆದರು ಎಂಬುದನ್ನು ನೆನಪಿನಲ್ಲಿಡಿ. ಮುಂದೆ, ಪರವಾನಗಿಗಳ ಕುರಿತ ಮೂರನೇ ಹಂತದಲ್ಲಿ ಇದೇ ಮಾತು ಮತ್ತೆ ಬರುತ್ತದೆ.

ನೀರಿನ ಕಥೆಯೂ ಹೀಗೆಯೇ. ತುಂಗಭದ್ರಾ ಜಲಾಶಯ ಕಟ್ಟಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ ಇತ್ತು. ಹೂಳು ತುಂಬಿ ಅದು ಸುಮಾರು 105.8 ಟಿಎಂಸಿ ಅಡಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ಎಡದಂಡೆ ಕಾಲುವೆಯ ರೈತರಷ್ಟೇ ಗಿರಣಿ ಮಾಲೀಕರೂ ನಿದ್ದೆಗೆಟ್ಟರು, ಏಕೆಂದರೆ ಎರಡನೇ ಬೆಳೆಗೆ ನೀರಿಲ್ಲದಿದ್ದರೆ ಗಿರಣಿಗೆ ಭತ್ತವಿಲ್ಲ. ಕೊಪ್ಪಳದಲ್ಲಿ ಉಕ್ಕಿನ ಕಾರ್ಖಾನೆಯ ವಿಸ್ತರಣೆಯನ್ನು ವಿರೋಧಿಸಿ 2025ರ ಫೆಬ್ರುವರಿಯಲ್ಲಿ ಜನ ಬೀದಿಗಿಳಿದು ಬಂದ್ ಆಚರಿಸಿದ್ದು ಮೂರನೆಯ ಪಾಠ: ಸರ್ಕಾರದ ಅನುಮತಿ ಒಂದಾದರೆ ಊರಿನ ಅನುಮತಿ ಇನ್ನೊಂದು.

ಖರೀದಿದಾರರು ಈ ನಮೂನೆಗಳನ್ನು ಈಗಲೇ ಏಕೆ ಕಳಿಸುತ್ತಿದ್ದಾರೆ ಎಂಬುದಕ್ಕೂ ಕಾರಣವಿದೆ. ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನಗಳಲ್ಲಿರುವ ಕಂಪನಿಗಳಿಗೆ 2022–23ರಿಂದ ಬಿಆರ್‌ಎಸ್‌ಆರ್ ಎಂಬ ವರದಿಯನ್ನು, ಅಂದರೆ ಉದ್ಯಮದ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯನ್ನು, ಕಡ್ಡಾಯ ಮಾಡಿದೆ. ಅವರು ತಮ್ಮ ಲೆಕ್ಕ ತುಂಬಲು ನಿಮ್ಮ ಲೆಕ್ಕ ಕೇಳುತ್ತಾರೆ. ಕಬ್ಬಿಣ ಮತ್ತು ಉಕ್ಕಿನವರಿಗೆ ಇನ್ನೊಂದು ಒತ್ತಡವಿದೆ: ಐರೋಪ್ಯ ಒಕ್ಕೂಟದ ಸಿಬಿಎಎಂ, ಅಂದರೆ ಆಮದಾಗುವ ಸರಕು ತಯಾರಾಗುವಾಗ ಹೊರಬಿದ್ದ ಇಂಗಾಲಕ್ಕೆ ಗಡಿಯಲ್ಲಿ ಬೆಲೆ ಕಟ್ಟುವ ವ್ಯವಸ್ಥೆ. 2023ರ ಅಕ್ಟೋಬರ್ 1ರಿಂದ ವರದಿ ಕೊಡುವ ಹಂತದಲ್ಲಿದ್ದ ಅದು 2026ರ ಜನವರಿ 1ರಿಂದ ಹಣ ತೆರಬೇಕಾದ ಹಂತಕ್ಕೆ ಬಂದಿದೆ. ಅದಿರಿನಿಂದ ಉಕ್ಕಿಗೆ ಬೇಕಾದ ಕಚ್ಚಾ ಕಬ್ಬಿಣ ಮಾಡುವ ಕೊಪ್ಪಳದ ಸ್ಪಾಂಜ್ ಐರನ್ ಘಟಕ ನೇರವಾಗಿ ಯುರೋಪಿಗೆ ಏನನ್ನೂ ಕಳಿಸದಿರಬಹುದು. ಆದರೆ ಅದರ ಮಾಲು ಸೇರುವ ಉಕ್ಕು ಅಲ್ಲಿಗೆ ಹೋಗುವುದಾದರೆ ಪ್ರಶ್ನೆ ಹಿಂದಕ್ಕೆ ಹರಿದು ಬರುತ್ತದೆ.

ಆರಂಭಿಸುವ ಮುನ್ನ ಬೇಕಾದವು

ಸಲಹೆಗಾರರನ್ನು ಹಿಡಿಯುವ ಅಗತ್ಯ ಮೊದಲ ದಿನವೇ ಇರುವುದಿಲ್ಲ. ನಮ್ಮ ಭಾಗಕ್ಕೆ ವಿದ್ಯುತ್ ಪೂರೈಸುವ ಜೆಸ್ಕಾಂನ ಒಂದು ವರ್ಷದ ಬಿಲ್ಲುಗಳು, ಡೀಸೆಲ್ ಮತ್ತು ಕಲ್ಲಿದ್ದಲಿನ ಖರೀದಿ ರಸೀದಿಗಳು, ಉತ್ಪಾದನೆಯ ರಿಜಿಸ್ಟರು, ಕೆಲಸಗಾರರ ಹಾಜರಿ ಮತ್ತು ಸಂಬಳದ ಪುಸ್ತಕ, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ, ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಪತ್ರ, ಇಷ್ಟಿದ್ದರೆ ಸಾಕು. ಇವುಗಳ ಜೊತೆಗೆ ನಂಬಿಗಸ್ತರೊಬ್ಬರನ್ನು ಗೊತ್ತುಮಾಡಿ. ಎಲ್ಲರ ಕೆಲಸ ಎಂದು ಬಿಟ್ಟರೆ ಅದು ಯಾರ ಕೆಲಸವೂ ಆಗುವುದಿಲ್ಲ. ನನ್ನ ಅನುಭವದಲ್ಲಿ ಇದಕ್ಕೆ ತಕ್ಕವರು ಮಾಲೀಕರ ಸಂಬಂಧಿಕರಿಗಿಂತ ಸ್ಟೋರ್ ನೋಡಿಕೊಳ್ಳುವವರು ಅಥವಾ ಎಲೆಕ್ಟ್ರಿಷಿಯನ್, ಏಕೆಂದರೆ ಯಾವ ವಸ್ತು ಎಲ್ಲಿ ಸೋರುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ.

1. ಹನ್ನೆರಡು ತಿಂಗಳ ಲೆಕ್ಕವನ್ನು ಒಂದು ಹಾಳೆಗೆ ತನ್ನಿ

ಉದ್ದಕ್ಕೆ ಹನ್ನೆರಡು ತಿಂಗಳು, ಅಡ್ಡಕ್ಕೆ ವಿದ್ಯುತ್ ಯೂನಿಟ್, ಡೀಸೆಲ್ ಲೀಟರ್, ಬಾಯ್ಲರಿಗೆ ಹಾಕಿದ ಇಂಧನ, ನೀರು, ಉತ್ಪಾದನೆ, ಹೊರಹೋದ ತ್ಯಾಜ್ಯ, ಕೆಲಸ ಬಿಟ್ಟವರ ಸಂಖ್ಯೆ, ಅಪಘಾತಗಳು ಎಂದು ಕಾಲಂ ಹಾಕಿ. ಹಣದ ಅಂಕಿಯನ್ನಷ್ಟೇ ಬರೆಯಬೇಡಿ. ದರ ಏರಿದ ತಿಂಗಳು ಬಳಕೆ ಇಳಿದಿದ್ದರೂ ಬಿಲ್ಲು ಹೆಚ್ಚೇ ಕಾಣುತ್ತದೆ. ಆದ್ದರಿಂದ ಯೂನಿಟ್, ಲೀಟರ್, ಕ್ವಿಂಟಲ್ ಲೆಕ್ಕವೇ ಬೇಕು. ಬಹುತೇಕರಿಗೆ ನೀರಿನ ಕಾಲಂ ಖಾಲಿ ಉಳಿಯುತ್ತದೆ, ಏಕೆಂದರೆ ಕೊಳವೆಬಾವಿಗೆ ಮೀಟರ್ ಇರುವುದಿಲ್ಲ. ಖಾಲಿ ಬಿಡಿ, ಊಹಿಸಿ ತುಂಬಬೇಡಿ. ಆ ಖಾಲಿ ಜಾಗವೇ ನಿಮ್ಮ ಮೊದಲ ಕೆಲಸವನ್ನು ಹೇಳುತ್ತದೆ.

2. ಒಂದು ಟನ್ನಿಗೆ ಎಷ್ಟು ಎಂದು ಭಾಗಿಸಿ, ನಂತರ ಇಂಗಾಲದ ಲೆಕ್ಕ ಹಾಕಿ

ಒಟ್ಟು ಬಳಕೆಯಿಂದ ಏನೂ ತಿಳಿಯುವುದಿಲ್ಲ. ಸುಗ್ಗಿಯಲ್ಲಿ ಹೆಚ್ಚು, ಉಳಿದಂತೆ ಕಡಿಮೆ ಇರುವುದು ಸಹಜ. ಒಂದು ಟನ್ ಭತ್ತಕ್ಕೆ, ಒಂದು ಬೇಲ್ ಹತ್ತಿಗೆ, ಒಂದು ಜೀನ್ಸ್ ಪ್ಯಾಂಟಿಗೆ ಎಷ್ಟು ಯೂನಿಟ್, ಎಷ್ಟು ಲೀಟರ್ ಎಂದು ಭಾಗಿಸಿದಾಗ ಮಾತ್ರ ಈ ತಿಂಗಳನ್ನು ಹಿಂದಿನ ತಿಂಗಳೊಂದಿಗೆ ಹೋಲಿಸಬಹುದು.

ನಮೂನೆಯಲ್ಲಿ 'ಸ್ಕೋಪ್ 1, 2, 3' ಎಂದು ಕೇಳಿರುತ್ತಾರೆ. ಸ್ಕೋಪ್ 1 ಎಂದರೆ ನಿಮ್ಮ ಆವರಣದಲ್ಲಿ, ನಿಮ್ಮ ವಾಹನಗಳಲ್ಲಿ ನೀವೇ ಸುಟ್ಟ ಇಂಧನದಿಂದ ಬಂದ ಅನಿಲ. ಸ್ಕೋಪ್ 2 ಎಂದರೆ ನೀವು ಕೊಂಡ ವಿದ್ಯುತ್ತನ್ನು ತಯಾರಿಸುವಾಗ ಬೇರೆಡೆ, ಉದಾಹರಣೆಗೆ ಶಕ್ತಿನಗರದಂಥ ಉಷ್ಣ ವಿದ್ಯುತ್ ಕೇಂದ್ರದಲ್ಲಿ, ಹೊರಬಿದ್ದದ್ದು. ಸ್ಕೋಪ್ 3 ಎಂದರೆ ನಿಮಗೆ ಮಾಲು ಕೊಟ್ಟವರು, ಸಾಗಿಸಿದವರು, ಕೊಂಡು ಬಳಸಿದವರ ಕಡೆಯದು; ಸಣ್ಣ ಘಟಕಗಳು ಮೊದಲ ವರ್ಷ ಇದಕ್ಕೆ ಕೈಹಾಕದಿರುವುದೇ ಲೇಸು.

ಲೆಕ್ಕ ಕಷ್ಟದ್ದಲ್ಲ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.68 ಕೆಜಿ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಭಾರತದ ಗ್ರಿಡ್‌ನ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 0.7 ಕೆಜಿ, ಕೇಂದ್ರ ವಿದ್ಯುತ್ ಪ್ರಾಧಿಕಾರವು ಈ ಅಂಕಿಯನ್ನು ಪರಿಷ್ಕರಿಸುತ್ತಿರುತ್ತದೆ, ವರದಿ ಬರೆಯುವಾಗ ಆ ವರ್ಷದ್ದನ್ನು ಹಾಕಿ. ತಿಂಗಳಿಗೆ 1,000 ಟನ್ ಭತ್ತ ಅರೆಯುವ ಗಿರಣಿಯೊಂದು 45,000 ಯೂನಿಟ್ ವಿದ್ಯುತ್ತನ್ನೂ 600 ಲೀಟರ್ ಡೀಸೆಲನ್ನೂ ಬಳಸಿತು ಎಂದು ಭಾವಿಸೋಣ. ವಿದ್ಯುತ್ತಿನಿಂದ 31,500 ಕೆಜಿ, ಡೀಸೆಲಿನಿಂದ 1,608 ಕೆಜಿ, ಒಟ್ಟು 33,108 ಕೆಜಿ. ಒಂದು ಟನ್ ಭತ್ತಕ್ಕೆ ಸುಮಾರು 33 ಕೆಜಿ. ಬಾಯ್ಲರಿನಲ್ಲಿ ಸುಟ್ಟ ಉಮಿಯಿಂದ ಬರುವ ಇಂಗಾಲವನ್ನು ಇದರಲ್ಲಿ ಸೇರಿಸುವುದಿಲ್ಲ, ಪ್ರತ್ಯೇಕವಾಗಿ ತೋರಿಸಬೇಕು. ಅದು ಬೆಳೆ ಬೆಳೆಯುವಾಗ ಗಾಳಿಯಿಂದಲೇ ಹೀರಿಕೊಂಡದ್ದು ಎಂಬುದು ಅದಕ್ಕೆ ಕಾರಣ. ಹಾಗೆಂದು ಉಮಿಯ ಹೊಗೆ ಮತ್ತು ಬೂದಿಯ ಹೊಣೆ ತಪ್ಪುವುದಿಲ್ಲ.

3. ಪರವಾನಗಿಗಳ ಕಡತವನ್ನು ತೆರೆದು ಓದಿ

ತೆರೆದು ಓದಿ ಎಂದು ಬೇಕೆಂದೇ ಹೇಳುತ್ತಿದ್ದೇನೆ. ಸಮ್ಮತಿ ಪತ್ರವನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದವರಲ್ಲಿ ಅದರ ಹಿಂದಿನ ಪುಟಗಳ ಷರತ್ತುಗಳನ್ನು ಓದಿದವರು ಕಡಿಮೆ. 1974ರ ಜಲ ಕಾಯ್ದೆ ಮತ್ತು 1981ರ ವಾಯು ಕಾಯ್ದೆಯ ಅಡಿಯಲ್ಲಿ ಎರಡು ಸಮ್ಮತಿಗಳಿವೆ: ಕಟ್ಟುವ ಮುನ್ನ ಪಡೆಯಬೇಕಾದ ಸ್ಥಾಪನಾ ಸಮ್ಮತಿ, ಯಂತ್ರ ಓಡಿಸುವ ಮುನ್ನ ಪಡೆಯಬೇಕಾದ ಕಾರ್ಯಾಚರಣೆಯ ಸಮ್ಮತಿ. ಮಾಲಿನ್ಯದ ಸಾಧ್ಯತೆಗೆ ತಕ್ಕಂತೆ ಉದ್ಯಮಗಳನ್ನು ಕೆಂಪು, ಕಿತ್ತಳೆ, ಹಸಿರು, ಬಿಳಿ ಮುಂತಾದ ವರ್ಗಗಳಾಗಿ ವಿಂಗಡಿಸಿದ್ದಾರೆ. ಸ್ಪಾಂಜ್ ಐರನ್ ಕೆಂಪು ವರ್ಗದ್ದು.

ಪತ್ರದಲ್ಲಿ ನೋಡಬೇಕಾದ್ದು ಮೂರು: ಅವಧಿ ಎಂದು ಮುಗಿಯುತ್ತದೆ, ದಿನಕ್ಕೆ ಎಷ್ಟು ಉತ್ಪಾದನೆಗೆ ಸಮ್ಮತಿ ಇದೆ, ಎಷ್ಟು ತ್ಯಾಜ್ಯ ನೀರಿಗೆ ಅವಕಾಶವಿದೆ. ಇಲ್ಲಿ ಆಗುವ ತಪ್ಪು ಸಾಮಾನ್ಯವಾದದ್ದು. ದಿನಕ್ಕೆ 40 ಟನ್ನಿನ ಗಿರಣಿ ಎಂದು ಸಮ್ಮತಿ ಪಡೆದವರು ಮುಂದೆ ಯಂತ್ರ ಬದಲಿಸಿ 80 ಟನ್ ಅರೆಯತೊಡಗುತ್ತಾರೆ. ಕಾಗದ ಮಾತ್ರ 40ರಲ್ಲೇ ನಿಂತಿರುತ್ತದೆ. ಮೇಲಿನ ಗಣಿಗಳ ಉದಾಹರಣೆಯನ್ನು ಇಲ್ಲಿ ನೆನೆಯಿರಿ. ಸಮ್ಮತಿ ಬೇಕಾದ ಉದ್ಯಮಗಳು ಪ್ರತಿ ವರ್ಷ ಸೆಪ್ಟೆಂಬರ್ 30ರೊಳಗೆ ಫಾರಂ 5ರಲ್ಲಿ ಪರಿಸರ ಹೇಳಿಕೆಯನ್ನೂ, ಅಪಾಯಕಾರಿ ತ್ಯಾಜ್ಯ ಇರುವವರು ಜೂನ್ 30ರೊಳಗೆ ವಾರ್ಷಿಕ ವಿವರವನ್ನೂ ಮಂಡಳಿಗೆ ಕೊಡಬೇಕು. ಈ ದಿನಾಂಕಗಳನ್ನು ಪಂಚಾಂಗದ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

4. ನೀರು

ನಮ್ಮ ಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಮೀ ಆಸುಪಾಸು. ಇಲ್ಲಿ ಉದ್ಯಮವೊಂದು ನಿಲ್ಲುವುದಾದರೆ ಹಣಕ್ಕಿಂತ ಮುಂಚೆ ನೀರಿಗಾಗಿ ನಿಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ; ಆದ್ದರಿಂದಲೇ ಈ ಹಂತವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಮೀಟರ್. ಕೊಳವೆಬಾವಿಗೊಂದು, ಹೆಚ್ಚು ನೀರು ಕುಡಿಯುವ ವಿಭಾಗಕ್ಕೊಂದು ಹಾಕಿಸಿ, ಪ್ರತಿದಿನ ಒಂದೇ ಹೊತ್ತಿಗೆ ಅಂಕಿ ಬರೆಸಿ. ಎರಡೂ ಮೀಟರುಗಳ ವ್ಯತ್ಯಾಸಕ್ಕೆ ಕಾರಣ ಸಿಗದಿದ್ದರೆ ಎಲ್ಲೋ ತೊಟ್ಟಿ ತುಂಬಿ ಹರಿಯುತ್ತಿದೆ ಅಥವಾ ಪೈಪು ಒಡೆದಿದೆ ಎಂದರ್ಥ.

ಕುದಿಸಿದ ಅಕ್ಕಿ ಮಾಡುವ ಗಿರಣಿಗಳಲ್ಲಿ ಒಂದು ಕೆಜಿ ಭತ್ತ ನೆನೆಸಲು ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು ನೀರು ಬೇಕಾಗುತ್ತದೆ. ಆ ನೀರನ್ನು ಬಸಿದಾಗ ಅದರಲ್ಲಿ ಕರಗಿದ ಪಿಷ್ಟ, ಸಕ್ಕರೆಗಳಿದ್ದು, ಅದು ಬೇಗ ಹುಳಿತು ನಾರುತ್ತದೆ. ವಿಷವಲ್ಲವಲ್ಲ ಎಂದು ಅದನ್ನು ಹಳ್ಳಕ್ಕೆ ಬಿಡುವವರಿದ್ದಾರೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಹಳ್ಳದ ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಹೀರಿಬಿಡುವುದರಿಂದ ಮೀನು ಸಾಯುತ್ತವೆ. ಪರೀಕ್ಷಾ ವರದಿಯಲ್ಲಿ ಬಿಒಡಿ ಎಂದು ಬರೆದಿರುವುದು ಈ ಆಮ್ಲಜನಕದ ಬೇಡಿಕೆಯನ್ನೇ. ಇದಕ್ಕೆ ಇಟಿಪಿ, ಅಂದರೆ ತ್ಯಾಜ್ಯ ನೀರಿನ ಶುದ್ಧೀಕರಣ ಘಟಕ, ಬೇಕೇ ಬೇಕು. ಶುದ್ಧವಾದ ನೀರನ್ನು ಬೂದಿ ತಣಿಸಲು, ಅಂಗಳಕ್ಕೆ ಚಿಮುಕಿಸಲು, ಗಿಡಗಳಿಗೆ ಹಾಕಲು ಬಳಸಬಹುದು.

ಜೀನ್ಸ್ ವಾಷಿಂಗ್‌ನಲ್ಲಿ ಬಣ್ಣ, ಬ್ಲೀಚಿಂಗ್ ರಾಸಾಯನಿಕ, ಪ್ಯೂಮಿಸ್ ಕಲ್ಲಿನ ಹುಡಿ ಎಲ್ಲ ಸೇರಿದ ನೀರು ಹೊರಬರುತ್ತದೆ. ಒಂದೇ ಬಟ್ಟೆಯನ್ನು ಎಷ್ಟು ಸಲ ನೀರು ಬದಲಿಸಿ ಜಾಲಿಸುತ್ತೀರಿ ಎಂದು ಎಣಿಸಿ. ಕೊನೆಯ ಜಾಲಿಸುವ ನೀರು ಬಹುಪಾಲು ಸ್ವಚ್ಛವಾಗಿಯೇ ಇರುತ್ತದೆ. ಅದನ್ನು ತೊಟ್ಟಿಯಲ್ಲಿ ಹಿಡಿದು ಮುಂದಿನ ಕಂತಿನ ಬಟ್ಟೆಗಳ ಮೊದಲ ತೊಳೆತಕ್ಕೆ ಬಳಸಿದರೆ ಹೊಸ ಯಂತ್ರವಿಲ್ಲದೆಯೇ ನೀರು ಉಳಿಯುತ್ತದೆ. ನಾಲ್ಕಾರು ಘಟಕಗಳು ಒಟ್ಟಾಗಿ ಸಾಮೂಹಿಕ ಶುದ್ಧೀಕರಣ ಘಟಕಕ್ಕೆ ಸೇರಿಕೊಳ್ಳುವುದು ಒಬ್ಬರೇ ಕಟ್ಟುವುದಕ್ಕಿಂತ ಅಗ್ಗ.

ಎಚ್ಚರಿಕೆ: ನೀರಿನಿಂದ ಉಪ್ಪನ್ನು ಬೇರ್ಪಡಿಸುವ ಆರ್‌ಒ ಯಂತ್ರ ಹಾಕಿಸಿದ ಕೂಡಲೇ ಸಮಸ್ಯೆ ಮುಗಿಯಿತು ಎಂದುಕೊಳ್ಳಬೇಡಿ. ಆರ್‌ಒ ಉಪ್ಪನ್ನು ನಾಶ ಮಾಡುವುದಿಲ್ಲ, ಒಂದು ಕಡೆ ಕೂಡಿಹಾಕುತ್ತದೆ ಅಷ್ಟೆ. ಆ ಉಪ್ಪುನೀರನ್ನು ಬತ್ತಿದ ಕೊಳವೆಬಾವಿಗೆ ಬಿಡುವುದು ಕಾನೂನಿಗೆ ವಿರುದ್ಧ. ಅದಕ್ಕಿಂತ ದೊಡ್ಡದು, ಹಾಳಾದ ಅಂತರ್ಜಲವನ್ನು ಮರಳಿ ಸರಿಪಡಿಸಲು ಯಾರಿಂದಲೂ ಆಗದು. ನಿಮ್ಮದೇ ಕೊಳವೆಬಾವಿಯೂ ಅದೇ ಅಂತರ್ಜಲದಿಂದ ನೀರೆತ್ತುತ್ತದೆ.

ಮಳೆನೀರಿನ ಲೆಕ್ಕವನ್ನೂ ನೋಡಿ. 10,000 ಚದರ ಅಡಿಯ ತಗಡಿನ ಚಾವಣಿಯ ಮೇಲೆ ವರ್ಷಕ್ಕೆ 600 ಮಿಮೀ ಮಳೆ ಬಿದ್ದು ಅದರಲ್ಲಿ ಶೇ 80ರಷ್ಟು ಕೈಗೆ ಸಿಕ್ಕರೆ ಸುಮಾರು 4.5 ಲಕ್ಷ ಲೀಟರ್ ಆಗುತ್ತದೆ. ಆದರೆ ಚಾವಣಿಯ ಮೇಲೆ ಕಲ್ಲಿದ್ದಲಿನ ಮಸಿ, ರಾಸಾಯನಿಕದ ಹುಡಿ ಕೂರುವ ಕಡೆ ಆ ನೀರನ್ನು ಇಂಗುಗುಂಡಿಗೆ ಬಿಡಬಾರದು. ಮೊದಲ ಮಳೆಗಳ ನೀರನ್ನು ಹೊರಗೆ ಹಾಕಿ, ಸೋಸಿ, ಬಳಕೆಗೆ ಮಾತ್ರ ಇಟ್ಟುಕೊಳ್ಳಿ.

5. ವಿದ್ಯುತ್ ಮತ್ತು ಇಂಧನ

ಸೌರಫಲಕದ ಮಾರಾಟಗಾರರು ನಿಮ್ಮ ಬಳಿಗೆ ಈಗಾಗಲೇ ಬಂದಿರುತ್ತಾರೆ. ಅವರನ್ನು ಆರು ತಿಂಗಳು ಕಾಯಿಸಿ. ಸೋರುವ ಕೊಡಕ್ಕೆ ಎಷ್ಟು ನೀರು ಹೊತ್ತರೂ ತುಂಬದು. ಮೊದಲು ಸೋರಿಕೆ ನಿಲ್ಲಿಸಿದರೆ ಮುಂದೆ ಬೇಕಾಗುವ ಫಲಕಗಳ ಸಂಖ್ಯೆಯೂ ಇಳಿಯುತ್ತದೆ.

ಜೆಸ್ಕಾಂ ಬಿಲ್ಲಿನಲ್ಲಿ ಯೂನಿಟ್ಟುಗಳ ಜೊತೆಗೆ ಇನ್ನೆರಡು ಸಾಲು ಓದಿ. ಒಂದು, ಪವರ್ ಫ್ಯಾಕ್ಟರ್: ಎಳೆದುಕೊಂಡ ವಿದ್ಯುತ್ತಿನಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಪಾಲು. ಇದು ಒಂದಕ್ಕೆ ಹತ್ತಿರವಿರಬೇಕು. ನಿಗದಿತ ಮಟ್ಟಕ್ಕಿಂತ ಇಳಿದರೆ ಹೆಚ್ಚುವರಿ ಶುಲ್ಕ ಬೀಳುತ್ತದೆ, ಕೆಟ್ಟ ಕೆಪಾಸಿಟರುಗಳನ್ನು ಬದಲಿಸಿದರೆ ಸರಿಹೋಗುತ್ತದೆ. ಇನ್ನೊಂದು, ಒಪ್ಪಂದದ ಬೇಡಿಕೆ: ನೀವು ಒಮ್ಮೆಗೆ ಗರಿಷ್ಠ ಎಷ್ಟು ಎಳೆಯುತ್ತೀರಿ ಎಂದು ಬರೆದುಕೊಟ್ಟ ಪ್ರಮಾಣ. ಎಲ್ಲ ಮೋಟಾರುಗಳನ್ನೂ ಬೆಳಿಗ್ಗೆ ಒಟ್ಟಿಗೆ ಹಚ್ಚುವ ಬದಲು ಐದೈದು ನಿಮಿಷ ಅಂತರ ಕೊಟ್ಟರೆ ಇದನ್ನು ಮೀರುವ ದಂಡ ತಪ್ಪಬಹುದು.

ಕಂಪ್ರೆಸರ್ ಇರುವವರು ವಾರದ ರಜೆಯಂದು ಈ ಪರೀಕ್ಷೆ ಮಾಡಿ. ಗಾಳಿ ಬಳಸುವ ಯಂತ್ರಗಳನ್ನೆಲ್ಲ ನಿಲ್ಲಿಸಿ, ಕಂಪ್ರೆಸರ್ ಮಾತ್ರ ಓಡಿಸಿ. ಯಾರೂ ಗಾಳಿ ಬಳಸದಿದ್ದರೂ ಅದು ಹತ್ತು ನಿಮಿಷಗಳಲ್ಲಿ ಒಟ್ಟು ಎರಡು ನಿಮಿಷ ಲೋಡ್ ತೆಗೆದುಕೊಂಡರೆ, ಅಂದರೆ ಗಾಳಿ ತುಂಬಲು ದುಡಿದರೆ, ನಿಮ್ಮ ಗಾಳಿಯ ಐದನೇ ಒಂದು ಪಾಲು ಸೋರುತ್ತಿದೆ. ಕೀಲುಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುವಲ್ಲಿ ಗುರುತು ಹಾಕಿ. ಇದಕ್ಕೆ ತಜ್ಞರು ಬೇಡ. ಸುಟ್ಟ ಮೋಟಾರಿಗೆ ಮತ್ತೆ ಮತ್ತೆ ಕಾಯಿಲ್ ಕಟ್ಟಿಸುವುದು ಅಗ್ಗವೆನಿಸಿದರೂ ಕಳಪೆ ಕೈಗೆ ಸಿಕ್ಕರೆ ಅದರ ದಕ್ಷತೆ ಇಳಿಯುತ್ತದೆ. ಮೂರನೇ ಸಲ ಸುಟ್ಟ ಮೋಟಾರನ್ನು ಬಿಟ್ಟು ಹೆಚ್ಚಿನ ದಕ್ಷತೆಯ ಐಇ3 ದರ್ಜೆಯದನ್ನು ಕೊಳ್ಳುವುದು ದೀರ್ಘಕಾಲಕ್ಕೆ ಲಾಭ.

ಬಾಯ್ಲರ್ ಇದ್ದಲ್ಲಿ ಬೂದಿಯ ಬಣ್ಣ ನೋಡಿ. ಉಮಿ ಪೂರ್ತಿ ಉರಿದಿದ್ದರೆ ಬೂದಿ ಬಿಳಿ ಅಥವಾ ನಸುಬೂದು ಬಣ್ಣಕ್ಕಿರುತ್ತದೆ. ಕಪ್ಪಾಗಿದ್ದರೆ ಉರಿಯದ ಇಂಗಾಲ ಅದರಲ್ಲೇ ಉಳಿದು ಹೊರಹೋಗುತ್ತಿದೆ. ಹಬೆಯ ಪೈಪುಗಳ ಹೊದಿಕೆ ಕಿತ್ತುಹೋದಲ್ಲಿ ಮತ್ತೆ ಸುತ್ತಿಸಿ, ತಣಿದು ನೀರಾದ ಹಬೆಯನ್ನು ಬಾಯ್ಲರಿಗೆ ಮರಳಿಸಿ.

ಧೂಳು ಹಿಡಿಯುವ ಯಂತ್ರಗಳ ಬಗ್ಗೆ ಒಂದು ಕಟು ಮಾತು. ವಿದ್ಯುತ್ ಉಳಿಸಲೆಂದು ರಾತ್ರಿ ಪಾಳಿಯಲ್ಲಿ ಅವನ್ನು ನಿಲ್ಲಿಸುವ ಚಾಳಿ ಕೆಲವೆಡೆ ಇದೆ. ಬೆಳಿಗ್ಗೆ ಹತ್ತಿಯ ಮೇಲೆ, ಮೆಣಸಿನಕಾಯಿ ಕಣದ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ ಕೂತ ಕಪ್ಪು ಧೂಳು ಇಡೀ ಊರಿಗೆ ಸಾಕ್ಷಿ ಹೇಳುತ್ತದೆ. ಇದು ಉಳಿತಾಯವಲ್ಲ, ನಿಮ್ಮ ವೆಚ್ಚವನ್ನು ನೆರೆಹೊಲದವರ ಮೇಲೆ ಹೇರುವುದು.

6. ಕಸವೆಂದು ಹೊರಹಾಕುವುದನ್ನು ತೂಕ ಮಾಡಿ

ನೂರು ಟನ್ ಭತ್ತದಿಂದ ಸುಮಾರು 20 ಟನ್ ಉಮಿ ಬರುತ್ತದೆ. ಅದನ್ನು ಸುಟ್ಟರೆ ಮೂರರಿಂದ ನಾಲ್ಕು ಟನ್ ಬೂದಿ ಉಳಿಯುತ್ತದೆ. ತೌಡಿಗೂ ನುಚ್ಚಿಗೂ ಗಿರಾಕಿ ಮೊದಲಿನಿಂದಲೂ ಇದ್ದಾರೆ. ಬೂದಿ ಮಾತ್ರ ರಸ್ತೆ ಬದಿಗೆ, ಹಳ್ಳದ ದಂಡೆಗೆ ಬೀಳುತ್ತದೆ. ಅದರ ಬಹುಭಾಗ ಸಿಲಿಕಾ. ಸಿಮೆಂಟ್ ಮಿಶ್ರಣಕ್ಕೆ, ಇಟ್ಟಿಗೆ ತಯಾರಿಕೆಗೆ, ಉಕ್ಕಿನ ಕಾರ್ಖಾನೆಗಳಲ್ಲಿ ಕರಗಿದ ಲೋಹದ ಶಾಖ ಹೋಗದಂತೆ ಮೇಲೆ ಮುಚ್ಚಲು ಅದು ಬಳಕೆಯಾಗುತ್ತದೆ. ಒಬ್ಬರ ನಾಲ್ಕು ಟನ್ನಿಗೆ ಯಾರೂ ಲಾರಿ ಕಳಿಸುವುದಿಲ್ಲ, ಹತ್ತು ಗಿರಣಿಗಳು ಸೇರಿ ಮುಚ್ಚಿದ ಶೆಡ್ಡಿನಲ್ಲಿ ಕೂಡಿಟ್ಟರೆ ಮಾತು ಬೇರೆ.

ಬಳಸಿದ ಎಂಜಿನ್ ಆಯಿಲನ್ನು ಗುಜರಿಯವರಿಗೆ ಮಾರಬಾರದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅಧಿಕೃತ ಮರುಬಳಕೆದಾರರಿಗೇ ಕೊಟ್ಟು ರಸೀದಿ ಪಡೆಯಬೇಕು. ಜಿನ್ನಿಂಗ್‌ನವರು ಹೊರಹೋಗುವ ಕಸಕ್ಕಿಂತ ಒಳಬರುವ ಕಸವನ್ನು ನೋಡಬೇಕು: ಗೊಬ್ಬರದ ಪ್ಲಾಸ್ಟಿಕ್ ಚೀಲದ ಎಳೆಗಳು ಹತ್ತಿಯಲ್ಲಿ ಸೇರಿದರೆ ನೂಲಿನವರೆಗೂ ಉಳಿದು ಬೆಲೆ ಇಳಿಸುತ್ತವೆ. ಹತ್ತಿ ಬಿಡಿಸುವ ಕಾಲಕ್ಕೆ ರೈತರಿಗೆ ಬಟ್ಟೆಯ ಚೀಲ ಕೊಡುವುದು ಅಗ್ಗದ ಪರಿಹಾರ.

7. ಕೆಲಸಗಾರರು

ನಮೂನೆಗಳಲ್ಲಿ ಅರ್ಧದಷ್ಟು ಪ್ರಶ್ನೆಗಳು ಮನುಷ್ಯರ ಬಗ್ಗೆ ಇರುತ್ತವೆ ಎಂಬುದು ಹಲವರಿಗೆ ಆಶ್ಚರ್ಯ ತರುತ್ತದೆ. ಇಪ್ಪತ್ತು ಜನರಿದ್ದರೆ ಭವಿಷ್ಯ ನಿಧಿ, ಹತ್ತು ಜನರಿದ್ದರೆ ಇಎಸ್ಐ, ಅಂದರೆ ಕಾರ್ಮಿಕರ ವಿಮೆ, ಅನ್ವಯಿಸುತ್ತದೆ. ಗುತ್ತಿಗೆದಾರನ ಮೂಲಕ ಬಂದವರನ್ನು ಎಣಿಸದೆ ಸಂಖ್ಯೆಯನ್ನು ಇಳಿಸಿ ತೋರಿಸುವುದೇ ಇಲ್ಲಿನ ದೊಡ್ಡ ತಪ್ಪು. ಬಳ್ಳಾರಿಯಲ್ಲಿ ಮನೆಗೆ ಮಾಲು ಒಯ್ದು ದಾರ ಕತ್ತರಿಸುವ, ಗುಂಡಿ ಹಾಕುವ ಹೆಣ್ಣುಮಕ್ಕಳ ಹೆಸರು ಮತ್ತು ಕೊಟ್ಟ ಕೂಲಿಯನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ.

ರೋಗಗಳ ವಿಚಾರದಲ್ಲಿ ಕೆಲಸಕ್ಕೆ ತಕ್ಕಂತೆ ಎಚ್ಚರ ಬೇರೆ. ಹತ್ತಿಯ ಧೂಳಿನಲ್ಲಿ ದುಡಿಯುವವರು ರಜೆ ಮುಗಿಸಿ ಬಂದ ಮೊದಲ ದಿನವೇ ಎದೆ ಬಿಗಿಯುತ್ತದೆ ಎಂದರೆ ಅದು ಸೋಮಾರಿತನದ ನೆಪವಲ್ಲ, ಬಿಸಿನೋಸಿಸ್ ಎಂಬ ಶ್ವಾಸಕೋಶದ ರೋಗದ ಗುರುತು. ತಡಮಾಡದೆ ವೈದ್ಯರಿಗೆ ತೋರಿಸಿ. ಜೀನ್ಸ್‌ಗೆ ಮಾಸಿದ ನೋಟ ಕೊಡಲು ಮರಳನ್ನು ರಭಸದಿಂದ ಊದುವ ವಿಧಾನ ಸಿಲಿಕೋಸಿಸ್ ಎಂಬ ಇನ್ನೊಂದು ಶ್ವಾಸಕೋಶದ ರೋಗ ತರುತ್ತದೆ. ಟರ್ಕಿ ದೇಶ 2009ರಲ್ಲೇ ಅದನ್ನು ನಿಷೇಧಿಸಿತು. ಜೀನ್ಸ್‌ನ ಬಣ್ಣ ಮಾಸಿಸಲು ಪೊಟ್ಯಾಸಿಯಂ ಪರ್ಮಾಂಗನೇಟ್ ಸಿಂಪಡಿಸುವವರಿಗೆ ಮುಖಕ್ಕೆ ಕಟ್ಟಿದ ಕರ್ಚೀಫು ಸಾಲದು, ತಕ್ಕ ಮುಖಗವಸು, ಕನ್ನಡಕ, ಕೈಗವಸು ಬೇಕು. ಏಪ್ರಿಲ್, ಮೇ ತಿಂಗಳ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಹಮಾಲರ ಲೋಡಿಂಗ್ ಕೆಲಸವನ್ನು ಬೆಳಗಿನ ಜಾವಕ್ಕೆ ಮತ್ತು ಇಳಿಹೊತ್ತಿಗೆ ಬದಲಿಸಿ, ನೆರಳು ಮತ್ತು ಕುಡಿಯುವ ನೀರು ಕೊಡುವುದಕ್ಕೆ ಯಾವ ಹೂಡಿಕೆಯೂ ಬೇಡ. ಪಳಗಿದ ಕೈಗಳು ಬೆಂಗಳೂರಿಗೆ ಗುಳೆ ಹೋದ ಮೇಲೆ ಹೊಸಬರಿಗೆ ಕಲಿಸುವ ವೆಚ್ಚ ಯಾವ ಬಿಲ್ಲಿನಲ್ಲಿಯೂ ಕಾಣಿಸುವುದಿಲ್ಲ.

8. ಊರಿನವರೊಂದಿಗೆ ಮಾತು

ಗೇಟಿನಲ್ಲಿ ದೂರು ಪುಸ್ತಕವೊಂದನ್ನು ಇಡಿ. ಯಾರು, ಯಾವ ದಿನ, ಏನು ಹೇಳಿದರು, ನೀವೇನು ಮಾಡಿದಿರಿ ಎಂದು ಬರೆಯಿರಿ. ಜಾತ್ರೆಗೆ ದೇಣಿಗೆ ಕೊಟ್ಟರೆ ಧೂಳಿನ ದೂರಿಗೆ ಉತ್ತರ ಕೊಟ್ಟಂತಾಗುವುದಿಲ್ಲ.

9. ಬರೆಯಿರಿ, ಆದರೆ ಇದ್ದಷ್ಟನ್ನೇ ಬರೆಯಿರಿ

ಇಷ್ಟಾದ ಮೇಲೆ ಖರೀದಿದಾರರ ನಮೂನೆಯನ್ನು ಕೈಗೆತ್ತಿಕೊಳ್ಳಿ. ಹೆಚ್ಚಿನ ಉತ್ತರಗಳು ಮೊದಲ ಹಾಳೆಯಲ್ಲೇ ಸಿಗುತ್ತವೆ. ಅಳೆದಿರದ ಕಡೆ 'ಅಳೆದಿಲ್ಲ, ಇಂಥ ತಿಂಗಳಿನಿಂದ ಅಳೆಯುತ್ತೇವೆ' ಎಂದೇ ಬರೆಯಿರಿ; ಪರಿಶೀಲನೆಗೆ ಬಂದವರು ಖಾಲಿ ಉತ್ತರವನ್ನು ಕ್ಷಮಿಸುತ್ತಾರೆ, ಸುಳ್ಳು ಅಂಕಿಯನ್ನು ಕ್ಷಮಿಸುವುದಿಲ್ಲ. ಗುರಿಯೂ ಒಂದೆರಡೇ ಇರಲಿ: 'ಮುಂದಿನ ಮಾರ್ಚ್ ಒಳಗೆ ಒಂದು ಟನ್ ಭತ್ತಕ್ಕೆ 45 ಯೂನಿಟ್ ಇರುವುದನ್ನು 42ಕ್ಕೆ ಇಳಿಸುತ್ತೇವೆ' ಎಂಬ ವಾಕ್ಯ, 'ಪರಿಸರಕ್ಕೆ ನಾವು ಬದ್ಧರು' ಎಂಬ ಪುಟಕ್ಕಿಂತ ಹೆಚ್ಚು ಬೆಲೆಯುಳ್ಳದ್ದು.

ಚೀಲದ ಮೇಲೆ 'ಪರಿಸರಸ್ನೇಹಿ', 'ನೂರಕ್ಕೆ ನೂರು ಹಸಿರು' ಎಂದು ಅಚ್ಚು ಹಾಕಿಸುವ ಮುನ್ನ ಯೋಚಿಸಿ. ಆಧಾರವಿಲ್ಲದ ಇಂಥ ಹೊಗಳಿಕೆಗೆ ಗ್ರೀನ್‌ವಾಷಿಂಗ್ ಎಂದು ಹೆಸರು. ಹಸಿರು ಬಣ್ಣ ಬಳಿದು ಕಣ್ಣು ಕಟ್ಟುವುದು ಎನ್ನಬಹುದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಇದರ ವಿರುದ್ಧ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದ್ದು, ಹೇಳಿಕೆಗೆ ಪುರಾವೆ ಕೊಡಬೇಕಾಗುತ್ತದೆ.

ಪ್ರಮಾಣಪತ್ರ ಬೇಕೆನಿಸಿದರೆ ಕೇಂದ್ರದ ಎಂಎಸ್‌ಎಂಇ, ಅಂದರೆ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ, ಸಚಿವಾಲಯದ ಝೆಡ್ ಯೋಜನೆಯಿಂದ ಆರಂಭಿಸಬಹುದು. ಮಾಲಿನಲ್ಲಿ ದೋಷವಿರಬಾರದು, ಪರಿಸರಕ್ಕೆ ಹಾನಿಯಿರಬಾರದು ಎಂಬುದು ಅದರ ಆಶಯ; ಕಂಚು, ಬೆಳ್ಳಿ, ಚಿನ್ನ ಎಂಬ ಮೂರು ದರ್ಜೆಗಳಿವೆ. ಉದ್ಯಮ್ ನೋಂದಣಿ ಇದ್ದರೆ ಪ್ರಮಾಣಪತ್ರದ ವೆಚ್ಚದಲ್ಲಿ ಅತಿಸಣ್ಣ ಘಟಕಗಳಿಗೆ ಶೇ 80, ಸಣ್ಣವಕ್ಕೆ ಶೇ 60, ಮಧ್ಯಮ ಗಾತ್ರದವಕ್ಕೆ ಶೇ 50 ಸಹಾಯಧನ ಗೊತ್ತುಮಾಡಿದ್ದಾರೆ. ಅರ್ಜಿ ಹಾಕುವ ಮುನ್ನ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಆ ಹೊತ್ತಿನ ದರ ಮತ್ತು ಷರತ್ತುಗಳನ್ನು ವಿಚಾರಿಸಿಕೊಳ್ಳಿ. 'ಹದಿನೈದು ದಿನದಲ್ಲಿ ಐಎಸ್ಒ ಪ್ರಮಾಣಪತ್ರ ಮಾಡಿಸಿಕೊಡುತ್ತೇವೆ' ಎಂದು ಫೋನ್ ಮಾಡುವವರಿಂದ ದೂರವಿರಿ. ಖರೀದಿದಾರರು ಪ್ರಮಾಣಪತ್ರ ಕೊಟ್ಟ ಸಂಸ್ಥೆಗೆ ಮಾನ್ಯತೆ ಇದೆಯೇ ಎಂದು ಮೊದಲು ನೋಡುತ್ತಾರೆ.

ಲೆಕ್ಕವನ್ನು ಆರ್ಥಿಕ ವರ್ಷಕ್ಕೆ ಹೊಂದಿಸಿಕೊಳ್ಳುವುದು ಅನುಕೂಲ. ಏಪ್ರಿಲ್ 1ರ ಬೆಳಿಗ್ಗೆ, ಮೊದಲ ಪಾಳಿಯ ಮೋಟಾರ್ ಹಚ್ಚುವ ಮುನ್ನ, ವಿದ್ಯುತ್ತಿನ ಮೀಟರ್, ನೀರಿನ ಮೀಟರ್, ಡೀಸೆಲ್ ತೊಟ್ಟಿಯ ಅಳತೆಕೋಲು ಮೂರರ ಅಂಕಿಯನ್ನೂ ಮೊಬೈಲಿನಲ್ಲಿ ಫೋಟೊ ತೆಗೆದು, ರಿಜಿಸ್ಟರಿನ ಮೊದಲ ಸಾಲಿನಲ್ಲಿ ಬರೆಸಿ, ಬರೆದವರಿಂದ ಸಹಿ ಮಾಡಿಸಿ.